ಹೆಬ್ಬಾತಿಗೊಬ್ಬ ಸಾಕ್ಷಿ

ಗ್ಯಾರೇಜಿನಲ್ಲಿ ಅವನನ್ನು ಎಲ್ಲರೂ ಸುತ್ತಿಗೆ ಎಂದೇ ಕರೆಯುತ್ತಿದ್ದರು. ಜಜ್ಜಿಹೋದ ಕಾರುಗಳ ಮೈಯನ್ನು ಒಳಗಿನಿಂದ ಬಡಿದು ಬಡಿದು ಮೊದಲಿನ ಆಕಾರಕ್ಕೆ ತರುವುದು ಅವನ ಕೆಲಸ. ಮಾತೂ ಅದೇ ಜಾತಿಯದು. ಅವತ್ತು ಕಾರಿನ ಬಾಗಿಲೊಂದನ್ನು ಮರದ ದಿಮ್ಮಿಯ ಮೇಲೆ ಮಲಗಿಸಿ ಬಡಿಯುತ್ತಿದ್ದಾಗ ಹೊರಗೆ ಯಾರೋ ಕೆಮ್ಮಿದರು. ತಲೆ ಎತ್ತಿದರೆ ಹೆಂಡತಿಯ ಅಪ್ಪ! ರಸ್ತೆಯ ಅಂಚಿನಲ್ಲಿ, ಬೂಟಿಗೆ ಎಣ್ಣೆ ತಾಗದಂಥ ಜಾಗ ಹುಡುಕಿಕೊಂಡು ನಿಂತಿದ್ದ. ಸುತ್ತಿಗೆ ಬೇಕೆಂದೇ ಇನ್ನಷ್ಟು ಬಡಿದ. ಮುದುಕ ಮತ್ತೆ ಕೆಮ್ಮಿದ. ಹೀಗೆ ಇವನು ಬಡಿಯುವುದು, ಅವನು ಕೆಮ್ಮುವುದು ನಡೆದು, ಕೊನೆಗೆ ಗ್ಯಾರೇಜಿನ ಯಜಮಾನನೇ, "ಲೋ, ಅದೇನು ಕ್ಷಯಾನೋ ನಿನ್ನ ಮಾವಾನೋ, ಹೋಗಿ ನೋಡು" ಎಂದು ಗದರಿದ.

ಮುದುಕನಿಗೆ ಬಜಾರಿನವರು ಇಟ್ಟ ಹೆಸರು ತಕ್ಕಡಿ. ತೂಕ ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವನು. ನೌಕರಿ ಮಾಡಿದಷ್ಟು ಕಾಲವೂ ಅಂಗಡಿಗಳಿಗೆ ನುಗ್ಗಿ, ತೂಕದ ಬಟ್ಟುಗಳನ್ನು ಬೋರಲು ಹಾಕಿ ನೋಡಿ, ಕೊರೆದ ಬಟ್ಟು ಇಟ್ಟವನ ಮಾನವನ್ನು ಬೀದಿಯಲ್ಲೇ ಹರಾಜು ಹಾಕಿದವನು. ಇಂಥವನ ಒಬ್ಬಳೇ ಮಗಳು, ಶಾಲೆಗೆ ಅರ್ಧದಲ್ಲೇ ಕೈಮುಗಿದ ಗ್ಯಾರೇಜಿನವನನ್ನು ಹೇಳದೆ ಕೇಳದೆ ಮದುವೆಯಾಗಿದ್ದಳು. "ನೀನು ಬರೋದಾದರೆ ಬಾ. ಅವನು ನನ್ನ ಹೊಸ್ತಿಲು ತುಳಿಯಕೂಡದು, ಅವನ ಹೊಸ್ತಿಲು ನಾನು ತುಳಿಯೋನಲ್ಲ" ಎಂದು ಮುದುಕ ಹೇಳಿ ಕಳಿಸಿದ್ದ. ಅವಳೂ ಅಪ್ಪನ ಮಗಳೇ. "ಬಂದರೆ ಇಬ್ಬರೂ ಬರ್ತೀವಿ" ಎಂದು ತಿರುಗಿ ಹೇಳಿ ಕಳಿಸಿದ್ದಳು. ಅಲ್ಲಿಗೆ ಮಾತು ನಿಂತಿತ್ತು.

ಈಗ ಅವಳಿಗೆ ದಿನ ತುಂಬುತ್ತಾ ಬಂದಿತ್ತು. ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು ನಿಂತು ಪಾದ ಊದಿಸಿಕೊಂಡು ಬಂದು, ಟೈರು ಅಂಗಡಿಯ ಮೇಲಿನ ಅವರ ಒಂದೇ ಕೋಣೆಯ ಕಿಟಕಿಯಲ್ಲಿ ಕೂರುತ್ತಿದ್ದಳು. ಕೆಳಗೆ ಯಾವುದಾದರೂ ಹಳೆಯ ಕಾರು ನಿಧಾನಕ್ಕೆ ಬಂದರೆ ಸಾಕು, ಅವಳ ಕತ್ತು ತಿರುಗುತ್ತಿತ್ತು. ಕಾರು ಮುಂದೆ ಹೋದರೆ ಕತ್ತು ವಾಪಸು ಬರುತ್ತಿತ್ತು. ಬಾಯಿ ಬಿಟ್ಟು ಒಂದು ಮಾತು ಹೇಳುತ್ತಿರಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಕತ್ತು ತಿರುಗಿಸುವವಳಿಗೆ ಏನು ಮಾಡುವುದು? ಅದನ್ನು ನೋಡಿದಾಗಲೆಲ್ಲ ಮುದುಕನ ಮನೆಯ ಬಾಗಿಲು ಒದ್ದು ಮುರಿಯಬೇಕು ಅನ್ನಿಸುತ್ತಿತ್ತು ಸುತ್ತಿಗೆಗೆ.

ಕೈ ಒರೆಸಿಕೊಳ್ಳುತ್ತಾ ಹೊರಗೆ ಹೋದ. "ಏನು ಮಾವ, ದಾರಿ ತಪ್ಪಿದಿರಾ?"

"ಮಾವ ಗೀವ ಅನ್ನಬೇಡ. ಭಾನುವಾರ ನಿನಗೆ ರಜಾ ತಾನೆ?"

"ಯಾಕೆ, ನನ್ನ ತೂಕ ನೋಡ್ಬೇಕಾ?"

ಮುದುಕ ಹಲ್ಲು ಕಚ್ಚಿಕೊಂಡು ವಿಷಯ ಹೇಳಿದ. ಒಂದೊಂದು ಮಾತನ್ನೂ ಇಕ್ಕಳ ಹಾಕಿ ಎಳೆದ ಹಾಗೆ ಹೇಳಿದ. ಹಕ್ಕಿ ನೋಡುವವರ ಸಂಘ ಅಂತ ಒಂದಿದೆ, ತಾನು ಅದರಲ್ಲಿದ್ದೇನೆ. ಚಳಿಗಾಲದಲ್ಲಿ ದೊಡ್ಡ ಕೆರೆಗೆ ಕಾಡು ಹೆಬ್ಬಾತುಗಳು ಬರುತ್ತವೆ. ಹೋದ ಚಳಿಗಾಲ ಆ ಹಿಂಡಿನಲ್ಲಿ ಬಿಳಿ ಹಣೆಯ ಹೆಬ್ಬಾತನ್ನು ನೋಡಿದೆ. ಈ ಕೆರೆಯಲ್ಲಿ ಯಾರೂ ನೋಡಿರದ ಹಕ್ಕಿ ಅದು. ಆದರೆ ಅಪರೂಪದ ಹಕ್ಕಿಯನ್ನು ಒಬ್ಬನೇ ನೋಡಿದರೆ ಸಂಘ ಒಪ್ಪುವುದಿಲ್ಲ. ಇಬ್ಬರು ನೋಡಬೇಕು. ನೋಡಿದ ಮೇಲೆ ಅದರ ಬಗ್ಗೆ ಒಬ್ಬರಿಗೊಬ್ಬರು ತುಟಿ ಬಿಚ್ಚದೆ, ಬೇರೆ ಬೇರೆಯಾಗಿ, ಭಾನುವಾರ ಕೆರೆಗೆ ಬರುವ ಕಾರ್ಯದರ್ಶಿಯ ಮುಂದೆ ಹೇಳಬೇಕು. ಎರಡೂ ತಾಳೆಯಾದರೆ ಮಾತ್ರ ಸೈ.

"ಆ ಕಾರ್ಯದರ್ಶಿ ಹಲ್ಲಿನ ಡಾಕ್ಟರು. ಎಲ್ಲರೆದುರು 'ಕನ್ನಡಕ ಬದಲಾಯಿಸಿ ಸಾರ್' ಅಂದ. ಉಳಿದವರು ಹಲ್ಲು ಕಿಸಿದರು. ನಾನು ಸುಳ್ಳು ಹೇಳ್ತೀನಂತೆ!" ಮುದುಕನ ಕುತ್ತಿಗೆಯ ನರ ಉಬ್ಬಿತು. "ಅವತ್ತಿಂದ ಅವರ ಜೊತೆ ನಾನು ನಿಲ್ಲಲ್ಲ, ನನ್ನ ಜೊತೆ ಅವರು ನಿಲ್ಲಲ್ಲ."

"ಅದಕ್ಕೆ ನಾನು ಬೇಕಾದೆ."

"ಬೇರೆ ಯಾರೂ ಇಲ್ಲ. ಇದ್ದಿದ್ದರೆ ಇಲ್ಲಿಗೆ ಬರ್ತಿದ್ದೆನಾ?"

ಸುತ್ತಿಗೆಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ಮುಖ ಮಾತ್ರ ಗಂಟಿಕ್ಕಿಯೇ ಇಟ್ಟುಕೊಂಡ. "ಬರ್ತೀನಿ. ಆದರೆ ಆಮೇಲೆ ನೀವು ನಮ್ಮ ಮನೆಗೆ ಬರಬೇಕು. ಮೆಟ್ಟಿಲು ಹತ್ತಿ, ಒಳಗೆ ಕೂತು, ಅವಳ ಕೈಯಲ್ಲಿ ಒಂದು ಲೋಟ ಟೀ ಕುಡಿದು ಹೋಗಬೇಕು. ಅಷ್ಟೇ."

"ನಮ್ಮಿಬ್ಬರ ಮಾತೂ ತಾಳೆಯಾಗಿ ಅವರು ಒಪ್ಪಿದರೆ ಬರ್ತೀನಿ" ಎಂದು ಹೇಳಿ, ಮುದುಕ ಕೈಯಲ್ಲಿದ್ದ ಹಕ್ಕಿ ಪುಸ್ತಕವನ್ನು ಕಾರಿನ ಬಾನೆಟ್ಟಿನ ಮೇಲೆ ಇಟ್ಟು ಹೊರಟುಹೋದ.

ಆ ವಾರವೆಲ್ಲ ಹೆಂಡತಿ ಓದಿದಳು, ಅವನು ಒಪ್ಪಿಸಿದ. ಕೊಕ್ಕು ಗುಲಾಬಿ. ಹಣೆ ಬಿಳಿ. ಹೊಟ್ಟೆಯ ಮೇಲೆ ಅಡ್ಡಡ್ಡ ಕಪ್ಪು ಪಟ್ಟೆ. ಕಾಲು ಕಿತ್ತಳೆ. ಶಾಲೆಯಲ್ಲಿ ಒಂದು ಪದ್ಯ ನೆಟ್ಟಗೆ ಬಾಯಿಗೆ ಬಾರದ ಗಂಡಸು, ಹಲ್ಲುಜ್ಜುವಾಗಲೂ ಹೆಬ್ಬಾತಿನ ಹೊಟ್ಟೆಯನ್ನು ಜಪಿಸಿದ.

"ಅಷ್ಟೆಲ್ಲ ಬೇಡ, ನೋಡಿದ್ದು ಹೇಳಿದರೆ ಸಾಕು" ಎಂದಳು ಅವಳು.

"ನಿಮ್ಮಪ್ಪ ಬರಬೇಕೋ ಬೇಡವೋ?"

ಅವಳು ಪುಟ ತಿರುಗಿಸಿ ಮತ್ತೆ ಓದಿದಳು.

ಭಾನುವಾರ ಬೆಳಗ್ಗೆ ಮಂಜು ಎಷ್ಟಿತ್ತೆಂದರೆ ಮುದುಕನ ಕಾರು ಬರುವುದಕ್ಕೆ ಮುಂಚೆ ಅದರ ಗೊರಗೊರ ಬಂತು. ಮುದುಕ ಕೆಳಗಿಳಿಯಲಿಲ್ಲ, ಮೇಲೆ ಕಿಟಕಿಯ ಕಡೆ ನೋಡಲೂ ಇಲ್ಲ. ಹಾರನ್ ಒತ್ತಿದ. ಸುತ್ತಿಗೆ ಬಾಗಿಲು ತೆಗೆದು ಕೂತದ್ದೇ ತಡ, ಶುರು.

"ಏನಿದು ವೇಷ?"

ಸುತ್ತಿಗೆ ಹಾಕಿಕೊಂಡಿದ್ದು ಗ್ಯಾರೇಜಿನ ಕೆಂಪು ಜಾಕೀಟು. ಅವನ ಹತ್ತಿರ ಇದ್ದ ಬೆಚ್ಚನೆಯ ಬಟ್ಟೆ ಅದೊಂದೇ.

"ಹಕ್ಕಿ ನೋಡೋಕೆ ಹೋಗ್ತಿದೀಯೋ ಬೆಂಕಿ ಆರಿಸೋಕೋ? ಹೆಬ್ಬಾತು ಈ ಬಣ್ಣ ನೋಡಿದರೆ ಬೇರೆ ದೇಶಕ್ಕೆ ಹೋಗುತ್ತೆ. ಬಿಚ್ಚು."

"ಚಳೀಲಿ ಸಾಯ್ಲಾ?"

"ಸಾಕ್ಷಿ ಹೇಳಿದ ಮೇಲೆ ಸಾಯಿ."

ಮುದುಕ ಹಿಂದಿನ ಸೀಟಿನಿಂದ ಒಂದು ಗೋಣಿಚೀಲ ಎಳೆದು ಅವನ ತೊಡೆಯ ಮೇಲೆ ಎಸೆದ. ದಾರಿಯುದ್ದಕ್ಕೂ ಕಾರು ಎತ್ತಿನಗಾಡಿಗೂ ದಾರಿ ಬಿಡುವಂತೆ ತೆವಳಿತು. ಕಿಟಕಿ ಏರಿಸಿದರೆ ಗಾಜು ಮಂಜಾಗುತ್ತದೆ ಎಂದು ಮುದುಕ ಇಳಿಸಿದ. ಇಳಿಸಿದರೆ ಕಿವಿ ಉದುರುತ್ತದೆ ಎಂದು ಇವನು ಏರಿಸಿದ. ಎಂಜಿನ್ನಿನ ಸದ್ದು ಕೇಳಲಾರದೆ ಸುತ್ತಿಗೆ, "ಇದರ ಸೈಲೆನ್ಸರ್ ಸತ್ತು ವರ್ಷ ಆಗಿದೆ" ಎಂದ. "ನನ್ನ ಮಗಳನ್ನ ನೋಡಿದ್ದೂ ಹೀಗೇ ತಾನೆ? ಕಾರು ರಿಪೇರಿ ಅಂತ ಮನೆಗೆ ಬಂದು" ಎಂದ ಮುದುಕ. "ಕಾರೂ ರಿಪೇರಿ ಮಾಡಿದ್ದೆ" ಎಂದ ಇವನು. ಆಮೇಲೆ ಕೆರೆ ಬರುವವರೆಗೆ ಇಬ್ಬರೂ ಮೂಗಿನಲ್ಲೇ ಜಗಳವಾಡಿದರು.

ಏರಿಯಿಂದ ಇಳಿದು, ಜೊಂಡಿನ ನಡುವೆ ಮೊಣಕಾಲಿನ ತನಕ ಕೆಸರು ತುಳಿದುಕೊಂಡು ಮುದುಕ ಮುಂದೆ ನಡೆದ. ಭುಜದ ಮೇಲೆ ಮೂರು ಕಾಲಿನ ದುರ್ಬೀನು. "ನಾನು ಹಿಡ್ಕೋತೀನಿ ಕೊಡಿ" ಎಂದರೆ, "ಅದು ಸ್ಪ್ಯಾನರ್ ಅಲ್ಲ" ಎಂದ. ಗೋಣಿಚೀಲ ಹೊದ್ದುಕೊಂಡು ಹಿಂದೆ ಹೋದ ಸುತ್ತಿಗೆಗೆ ತಾನು ಈರುಳ್ಳಿ ಮೂಟೆಯಂತೆ ಕಾಣುತ್ತಿದ್ದೇನೆ ಅನ್ನಿಸಿ ಇನ್ನೂ ಉರಿಯಿತು. ನೀರಿನ ಹತ್ತಿರ ಒಂದು ಮೋಟು ಮರದ ಮರೆಯಲ್ಲಿ ಇಬ್ಬರೂ ಕೂತರು. ಎದುರಿಗೆ ಏನೂ ಇಲ್ಲ. ಬಿಳಿ ಗೋಡೆ.

"ಎಲ್ಲಿದೆ ನಿಮ್ಮ ಹೆಬ್ಬಾತು?"

"ಬಾಯಿ ಮುಚ್ಚು. ಬಾಯಿ ಮುಚ್ಚಿದವರಿಗೇ ಅವು ಬರೋದು."

"ಹಾಗಾದರೆ ನಿಮಗೆ ಹೋದ ವರ್ಷ ಹೇಗೆ ಬಂತು?"

ಮುದುಕ ಉತ್ತರ ಕೊಡಲು ಬಾಯಿ ತೆರೆದವನು ಹಾಗೇ ತಡೆದ. ಒಂದು ಕೈ ಮೇಲೆ ಎತ್ತಿದ. ಎಲ್ಲೋ ಬಹಳ ದೂರದಲ್ಲಿ, ಎಣ್ಣೆ ಕಾಣದ ನೂರಾರು ಬಾಗಿಲುಗಳನ್ನು ಯಾರೋ ಒಟ್ಟಿಗೆ ತೆರೆದಂಥ ಸದ್ದು. ಹತ್ತಿರ ಬಂತು. ತಲೆಯ ಮೇಲೇ ಬಂತು. ಮಂಜಿನೊಳಗಿನಿಂದ ರೆಕ್ಕೆಗಳ ಗಾಳಿ ಇವರ ಕೂದಲಿಗೆ ತಾಗಿತು, ಆದರೂ ಒಂದು ಹಕ್ಕಿಯೂ ಕಾಣಲಿಲ್ಲ. ಸುತ್ತಿಗೆ ತನಗೆ ಗೊತ್ತಿಲ್ಲದೇ ಗೋಣಿಚೀಲವನ್ನು ಬಿಗಿಯಾಗಿ ಹಿಡಿದುಕೊಂಡ. ಇಷ್ಟು ದೊಡ್ಡ ಜೀವಗಳು ಇಷ್ಟು ಹತ್ತಿರ, ಕಾಣದ ಹಾಗೆ ಹೋಗುವುದೆಂದರೇನು! ಆಮೇಲೆ ನೀರಿನ ಮೇಲೆ ಧಪಧಪನೆ ಇಳಿದ ಸದ್ದು, ಕಚಪಚ, ಮೌನ. ಮುದುಕ ಕಣ್ಣು ಮುಚ್ಚಿ ಕೇಳುತ್ತಿದ್ದ. ಆ ಒಂದು ಗಳಿಗೆ ಅವನ ಮುಖದಲ್ಲಿ ಯಾರ ಮೇಲೂ ಸಿಟ್ಟಿರಲಿಲ್ಲ. ಅದನ್ನು ಸುತ್ತಿಗೆಗೆ ಸಹಿಸಲಾಗಲಿಲ್ಲ. ಹಕ್ಕಿಗೆ ತೋರಿಸುವ ಈ ಮುಖವನ್ನು ಮಗಳಿಗೆ ತೋರಿಸಲು ಏನು ಕಷ್ಟ ಇವನಿಗೆ?

ಬಿಸಿಲು ಏರಿದಂತೆ ಮಂಜಿನಲ್ಲಿ ಅಲ್ಲಲ್ಲಿ ತೂತು ಬಿತ್ತು. ತೂತಿನೊಳಗೆ ಬೂದುಬಣ್ಣದ ದೊಡ್ಡ ಹಕ್ಕಿಗಳು ತೇಲುತ್ತಿದ್ದವು. ಮುದುಕ ದುರ್ಬೀನಿಗೆ ಕಣ್ಣಿಟ್ಟು ನಿಧಾನಕ್ಕೆ ತಿರುಗಿಸುತ್ತಾ ಹೋದ. ತಟ್ಟನೆ ಅವನ ಕೈ ನಿಂತಿತು.

"ಅಲ್ಲಿ. ಈ ಕಡೆ ತಿರುಗ್ತು. ಬಾ, ಬಾ, ಬೇಗ ಬಾರೋ!" ಎಂದವನೇ ಸುತ್ತಿಗೆಯ ಕತ್ತಿನ ಪಟ್ಟಿ ಹಿಡಿದು ಎಳೆದು ದುರ್ಬೀನಿಗೆ ಮುಖ ಒತ್ತಿಸಿದ.

ಸುತ್ತಿಗೆ ಮೊದಲು ತಪ್ಪು ಕಣ್ಣು ಮುಚ್ಚಿದ. ಸರಿಯಾದ ಕಣ್ಣು ಮುಚ್ಚುವಷ್ಟರಲ್ಲಿ ಚಳಿಗೆ ಇನ್ನೊಂದರಲ್ಲಿ ನೀರು ತುಂಬಿತ್ತು. ಬೂದು ಬಣ್ಣದ ಒಂದು ಉಂಡೆ. ಅದರ ಪಕ್ಕ ಇನ್ನೊಂದು ಉಂಡೆ. ಹಣೆ ಯಾವುದು, ಬೆನ್ನು ಯಾವುದು? ರೆಪ್ಪೆ ಬಡಿದು ಮತ್ತೆ ನೋಡಿದ. ಅಷ್ಟರಲ್ಲಿ ಏರಿಯ ಮೇಲೆ ಸಂಘದವರ ಜೀಪು ಬಂದು ನಿಂತ ಸದ್ದು, ಬಾಗಿಲು ಬಡಿದ ಸದ್ದು. ಹಿಂಡು ಒಂದೇ ಏಟಿಗೆ ನೀರು ಚಿಮ್ಮಿಸಿ ಎದ್ದು, ಮಂಜಿನೊಳಗೆ ಹೊಕ್ಕು, ಹೋಯಿತು. ದುರ್ಬೀನಿನಲ್ಲಿ ಖಾಲಿ ನೀರು ಅಲ್ಲಾಡುತ್ತಿತ್ತು.

"ಮಾವ, ನಾನು..."

"ಹೇಳಬೇಡ!" ಮುದುಕ ಎರಡೂ ಕಿವಿ ಮುಚ್ಚಿಕೊಂಡ. "ಒಂದು ಅಕ್ಷರ ಹೇಳಬೇಡ. ನಿಯಮ! ನೋಡಿದ್ದೆಲ್ಲ ಅಲ್ಲೇ ಹೇಳು."

ಏರಿಯ ಕಡೆ ಮುದುಕ ನಡೆದದ್ದನ್ನು ನಡೆದ ಎನ್ನಲಾಗದು, ಮಂಡಿನೋವಿನ ಮನುಷ್ಯ ಕೆಸರಿನಲ್ಲಿ ಓಡಿದ. ಹಿಂದೆ ಸುತ್ತಿಗೆ ಕಾಲೆಳೆದುಕೊಂಡು ಬಂದ. ನೋಡಲಿಲ್ಲ ಎಂದರೆ ಮುದುಕ ಇನ್ನೊಂದು ಚಳಿಗಾಲ ಸುಳ್ಳುಗಾರ. ಕಿಟಕಿಯಲ್ಲಿ ಅವಳ ಕತ್ತು ಇನ್ನೊಂದು ಚಳಿಗಾಲ ತಿರುಗುತ್ತಲೇ ಇರುತ್ತದೆ. ನೋಡಿದೆ ಎಂದರೆ ಯಾರಿಗೆ ನಷ್ಟ? ಹೆಬ್ಬಾತಿಗಾ?

ಸಂಘದವರು ಏರಿಯ ಮೇಲೆ ಮಡಚುವ ಕುರ್ಚಿ ಹಾಕಿಕೊಂಡು, ಫ್ಲಾಸ್ಕು ಬಿಚ್ಚಿಕೊಂಡು, ಪೇಟೆಯ ಬೂಟುಗಳಿಗೆ ಧೂಳೂ ತಾಗಿಸಿಕೊಳ್ಳದೆ ಕೂತಿದ್ದರು. ಹಲ್ಲಿನ ಡಾಕ್ಟರಿಗೆ ತನ್ನ ಹಲ್ಲು ತೋರಿಸುವುದೆಂದರೆ ಬಹಳ ಇಷ್ಟ. "ಏನ್ ಸಾರ್, ಬಿಳಿ ಹಣೆಯವರು ಈ ಸಲಾನೂ ದರ್ಶನ ಕೊಟ್ರಾ?"

"ಕೊಟ್ಟಿತು. ಸಾಕ್ಷಿ ಇದೆ."

ಡಾಕ್ಟರು ಗೋಣಿಚೀಲ ಹೊದ್ದ ಸಾಕ್ಷಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಇವರು?"

ಮುದುಕ ಕೆರೆಯ ಕಡೆ ಮುಖ ತಿರುಗಿಸಿ ಹೇಳಿದ. "ಮಗಳ ಗಂಡ."

ಡಾಕ್ಟರು ಮುದುಕನನ್ನು ಜೀಪಿನ ಆಚೆ ಕರೆದುಕೊಂಡು ಹೋಗಿ ಕೇಳಿಕೊಂಡು ಬಂದ. ಆಮೇಲೆ ಸುತ್ತಿಗೆಯನ್ನು ಎಲ್ಲರ ನಡುವೆ ನಿಲ್ಲಿಸಿದ. ಮುದುಕ ಸ್ವಲ್ಪ ದೂರದಲ್ಲಿ, ನಿಯಮದ ಪ್ರಕಾರ ಇವನಿಗೆ ಬೆನ್ನು ಹಾಕಿ ನಿಂತ. "ಹೇಳಿ. ಏನು ನೋಡಿದ್ರಿ?"

ಸುತ್ತಿಗೆ ಶುರು ಮಾಡಿದ. ಶುರು ಮಾಡಿದ ಮೇಲೆ ನಿಲ್ಲಿಸುವುದು ಅವನ ಕೈಲಿರಲಿಲ್ಲ. "ಕೊಕ್ಕು ಗುಲಾಬಿ. ಕೊಕ್ಕಿನ ಬುಡದಿಂದ ಹಣೆ ಬಿಳಿ. ಹೊಟ್ಟೆ ಮೇಲೆ ಅಡ್ಡಡ್ಡ ಕಪ್ಪು ಪಟ್ಟೆ. ಕಾಲು ಕಿತ್ತಳೆ ಬಣ್ಣ."

ಡಾಕ್ಟರ ಹಲ್ಲು ಮೆಲ್ಲಗೆ ಒಳಗೆ ಹೋದವು. ಸಂಘದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಸಾರ್," ಎಂದ ಡಾಕ್ಟರು, "ನಿಮ್ಮ ಅಳಿಯಂದಿರು ನಿಮಗಿಂತ ಚೆನ್ನಾಗಿ ನೋಡಿದ್ದಾರೆ. ನೀವು ಹಣೆ ಕೊಕ್ಕು ಎರಡೇ ಹೇಳಿದ್ರಿ. ಒಪ್ಪಿದ್ವಿ ಸಾರ್. ಹೋದ ವರ್ಷದ್ದೂ ಸೇರಿಸಿ ಒಪ್ಪಿದ್ವಿ. ಕೈ ಕೊಡಿ." ಯಾರೋ ಚಪ್ಪಾಳೆ ತಟ್ಟಿದರು. ಯಾರೋ ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಹಿಡಿದರು.

ಮುದುಕ ತಿರುಗಿದ. ಕೈ ಕೊಡಲಿಲ್ಲ, ಕಾಫಿಯನ್ನೂ ಮುಟ್ಟಲಿಲ್ಲ. ಸೀದಾ ಸುತ್ತಿಗೆಯ ಎದುರಿಗೆ ಬಂದು ನಿಂತ.

"ಕಾಲು ನೋಡಿದೆಯಾ?"

"ನೋಡಿದೆ."

"ಹೊಟ್ಟೆ?"

"ನೋಡಿದೆ ಅಂದೆನಲ್ಲ."

"ಹಕ್ಕಿ ನೀರಲ್ಲಿ ತೇಲ್ತಿತ್ತು. ಎದ್ದಾಗ ಮಂಜಿತ್ತು. ಅದರ ಕಾಲು ನೀನು ಹೇಗೆ ನೋಡಿದೆ? ಕೆರೆ ತಳದಲ್ಲಿ ಮಲಗಿದ್ದೆಯಾ?"

ಮುದುಕ ಡಾಕ್ಟರ ಕಡೆ ತಿರುಗಿ, ಬಜಾರಿನಲ್ಲಿ ಕೂಗುತ್ತಿದ್ದ ಅದೇ ಗಂಟಲಿನಲ್ಲಿ, "ಇವನು ಏನೂ ನೋಡಿಲ್ಲ. ಪುಸ್ತಕ ಒಪ್ಪಿಸ್ತಿದ್ದಾನೆ. ನಾನು ತಂದ ಸಾಕ್ಷಿ ಖೋಟಾ. ಬೇಡ ನನಗೆ, ತೆಗೆದುಹಾಕಿ" ಎಂದ.

"ಹೋಗಲಿ ಬಿಡಿ ಸಾರ್, ನೀವಂತೂ ನೋಡಿದ್ದೀರಲ್ಲ..."

"ಹೋಗಲಿ ಬಿಡಿ ಅಂದರೇನ್ರೀ? ತಕ್ಕಡಿ ತಟ್ಟೆ ಅಡಿಯಲ್ಲಿ ಅಯಸ್ಕಾಂತ ಅಂಟಿಸಿಕೊಂಡು ಕೂತವನೂ ನನ್ನ ಹತ್ತಿರ ಇದೇ ಮಾತು ಹೇಳ್ತಿದ್ದ!"

ಕಾರಿನಲ್ಲಿ ಈ ಸಲ ಇಬ್ಬರೂ ಮೂಗಿನಲ್ಲಿ ಜಗಳವಾಡಲಿಲ್ಲ.

"ನಿನ್ನ ಬಾಯಲ್ಲಿ ಒಂದು ನಿಜ ಇಲ್ಲವಲ್ಲೋ! ನೋಡಿಲ್ಲ ಅಂತ ಹೇಳೋಕೆ ಏನಾಗಿತ್ತು ರೋಗ?"

"ಹೇಳೋಕೆ ಬಂದರೆ ಕಿವಿ ಮುಚ್ಕೊಂಡ್ರಲ್ಲ! ನಾನು ಸುಳ್ಳು ಹೇಳಿದ್ದು ನಿಮ್ಮ ಮರ್ಯಾದೆ ಉಳಿಸೋಕೆ."

"ನನ್ನ ಮರ್ಯಾದೆ ಉಳಿಸೋಕೆ ನಿನ್ನ ಸುಳ್ಳು ಬೇಕಾ? ಥೂ!"

"ಬೇಡ, ನಿಮಗೆ ಯಾರೂ ಬೇಡ. ಮಗಳೂ ಬೇಡ! ಅವಳು ದಿನಾ ಕಿಟಕೀಲಿ ಕೂತು ಹಳೇ ಕಾರುಗಳನ್ನ ಎಣಿಸ್ತಾಳೆ, ಗೊತ್ತಾ ನಿಮಗೆ? ದಿನ ತುಂಬಿದವಳು. ನಿಮ್ಮ ಹಾಳು ಹೆಬ್ಬಾತಿಗೆ ಕೆಸರಲ್ಲಿ ಓಡ್ತೀರ, ಮಗಳ ಮನೆ ಮೆಟ್ಟಿಲು ಹತ್ತೋಕೆ ಮಂಡಿ ನೋವು. ನೀವು ಬರೋ ಹಾಗಿದ್ದರೆ ಆನೆ ಮೊಟ್ಟೆ ಇಡೋದನ್ನ ನೋಡಿದೆ ಅಂತಾನೂ ಹೇಳ್ತಿದ್ದೆ!"

ಮುದುಕ ಬ್ರೇಕು ತುಳಿದ. ಕಾರು ರಸ್ತೆಯ ಮಧ್ಯೆ ನಿಂತಿತು. "ಇಳಿ."

"ಇಳಿಯಲ್ಲ."

ಹಿಂದೆ ಲಾರಿಯವನು ಹಾರನ್ ಹೊಡೆದು, ಇಬ್ಬರ ವಂಶವನ್ನೂ ಬೈದು, ಪಕ್ಕದಿಂದ ಹೋದ. ಆಮೇಲೆ ಮುದುಕ ಗೇರು ಹಾಕಿದ. ಊರಿನ ತಿರುವಿನಲ್ಲಿ ತನ್ನ ಮನೆಯ ಕಡೆ ತಿರುಗಲಿಲ್ಲ.

"ಎಲ್ಲಿಗೆ?" ಎಂದ ಸುತ್ತಿಗೆ.

"ಅವಳನ್ನೇ ಕೇಳ್ತೀನಿ. ಇಂಥ ಸುಳ್ಳುಬುರುಕನ ಜೊತೆ ಹೇಗೆ ಬಾಳ್ತಿದೀಯ ಅಂತ ಮುಖಕ್ಕೆ ಮುಖ ಕೊಟ್ಟು ಕೇಳ್ತೀನಿ."

ಟೈರು ಅಂಗಡಿಯ ಮುಂದೆ ಕಾರು ನಿಂತಾಗ ಸುತ್ತಿಗೆ ಮೊದಲು ಜಿಗಿದು ಮೆಟ್ಟಿಲಿಗೆ ಅಡ್ಡ ನಿಂತ. ಇಡೀ ವರ್ಷ ಯಾವ ಮನುಷ್ಯ ಈ ಮೆಟ್ಟಿಲು ಹತ್ತಲಿ ಎಂದು ಕಾದಿದ್ದನೋ ಅವನನ್ನೇ ಈಗ ಎರಡೂ ಕೈ ಚಾಚಿ ತಡೆದ. "ಕೂಗಾಡೋದಾದರೆ ಬರಬೇಡಿ. ಅವಳಿಗೆ ಈಗ ಅದು ಆಗಿಬರಲ್ಲ. ಬೈಯೋದಿದ್ದರೆ ನನಗೆ ಬೈದು ಇಲ್ಲಿಂದಲೇ ಹೋಗಿ."

"ನನ್ನ ಮಗಳನ್ನ ನೋಡೋಕೆ ನಿನ್ನ ಅಪ್ಪಣೆ ಬೇಕೇನೋ?"

"ಬೇಕು. ಇದು ನನ್ನ ಮನೆ."

"ಸರಿಯೋ ಆಚೆ!" ಮುದುಕ ಅವನನ್ನು ಎದೆಗೆ ಕೈಕೊಟ್ಟು ತಳ್ಳಿದ. ಗೋಡೆ ಹಿಡಿದುಕೊಂಡು, ಒಂದೊಂದು ಮೆಟ್ಟಿಲಿಗೂ ನರಳುತ್ತಾ, ನರಳಿಕೆಯ ನಡುನಡುವೆ ಬೈಯುತ್ತಾ ಹತ್ತಿದ. ತಿರುಗಿ ತಳ್ಳಿದರೆ ಮುದುಕ ಉರುಳಿ ಬೀಳುತ್ತಾನೆ. ಸುತ್ತಿಗೆ ಹಲ್ಲು ಕಡಿಯುತ್ತಾ, ಬಿದ್ದರೆ ಹಿಡಿಯುವಷ್ಟು ಹತ್ತಿರದಲ್ಲಿ, ಹಿಂದೆ ಹಿಂದೆ ಹತ್ತಿದ.

ಸದ್ದಿಗೆ ಬಾಗಿಲು ತೆರೆಯಿತು. ಅವಳು ಚೌಕಟ್ಟು ಹಿಡಿದು ನಿಂತಿದ್ದಳು. ಅಪ್ಪನ ಮೊಣಕಾಲಿನವರೆಗಿನ ಕೆಸರು ನೋಡಿದಳು, ಗಂಡನ ಮುಖ ನೋಡಿದಳು.

"ನಿನ್ನ ಗಂಡ..." ಎಂದ ಮುದುಕ ಏದುಸಿರು ಬಿಡುತ್ತಾ. ಅವಳ ಹೊಟ್ಟೆಯ ಮೇಲೆ ಅವನ ಕಣ್ಣು ಬಿತ್ತು.

"ಬೂಟು ಹೊರಗೆ ಬಿಡಪ್ಪ. ಈಗಷ್ಟೇ ನೆಲ ಒರೆಸಿದೀನಿ" ಎಂದಳು ಅವಳು. ದನಿ ಮಾತ್ರ ಅವಳದಾಗಿರಲಿಲ್ಲ.

ಮುದುಕ ಬಗ್ಗಿದ. ಒದ್ದೆಯಾದ ಲೇಸಿನ ಗಂಟು ಬಿಚ್ಚಲಾಗಲಿಲ್ಲ. ಯಾರನ್ನೂ ಕೇಳಲಿಲ್ಲ. ಕೊನೆಗೆ ಬೂಟನ್ನು ಹಾಗೇ ಕಿತ್ತು ಎಸೆದು ಒಳಗೆ ಹೋದ. ಬಾಗಿಲು ಅರ್ಧ ಮುಚ್ಚಿಕೊಂಡಿತು.

ಸುತ್ತಿಗೆ ಒಳಗೆ ಹೋಗಲಿಲ್ಲ. ಮೇಲಿನ ಮೆಟ್ಟಿಲ ಮೇಲೆ ಕೂತ. ಎದೆಯಲ್ಲಿ ಮುದುಕನ ಕೈ ತಾಗಿದ ಜಾಗ ಇನ್ನೂ ಉರಿಯುತ್ತಿತ್ತು. ಅವಳಿಗೆ ಒಂದು ಗಡಸು ಮಾತು ಅಂದರೆ ಸಾಕು, ಎತ್ತಿ ಹೊರಗೆ ಹಾಕುತ್ತೇನೆ ಎಂದು ಕಿವಿ ಚುರುಕು ಮಾಡಿಕೊಂಡು ಕಾದ. ಒಳಗೆ ಒಂದು ಪಾತ್ರೆ ಸದ್ದಾಯಿತು. ನಲ್ಲಿ ತಿರುಗಿಸಿದ ಸದ್ದು. ಯಾರೋ ಮೂಗು ಸೀಟಿಕೊಂಡರು. ಬೈಗುಳ ಮಾತ್ರ ಬರಲಿಲ್ಲ.

ಬಹಳ ಹೊತ್ತಿನ ಮೇಲೆ ಅವಳು ಬಾಗಿಲಿಗೆ ಬಂದಳು. ಕಣ್ಣು ಕೆಂಪಾಗಿತ್ತು. "ಒಳಗೆ ಬಾ."

"ಬೈಯೋದು ಮುಗೀತಾ ಅವರದ್ದು?"

"ಇನ್ನೂ ಶುರುವೇ ಆಗಿಲ್ಲ. ನೀನಿಲ್ಲದೆ ಯಾರಿಗೆ ಬೈಯೋದು ಅಂತ ಟೀ ಆರಿಸ್ಕೊಂಡು ಕೂತಿದ್ದಾರೆ."

ಸುತ್ತಿಗೆ ಎದ್ದ. ಪ್ಯಾಂಟಿನ ಕೆಸರು ಕೊಡವಿ, ಮುಷ್ಟಿ ಬಿಗಿಹಿಡಿದು, ಒಂದು ಮಾತಿಗೆ ಎರಡು ಮಾತು ತಯಾರು ಮಾಡಿಕೊಂಡು ಒಳಗೆ ಹೋದ.